ಅತ್ತೆಯ ಚದುರಂಗಕ್ಕೆ ಇಪ್ಪತ್ತೊಂದು ಅಕ್ಷರ

೧೯೮೭, ಮೇ ೩೧, ಭಾನುವಾರ. ಬೆಳಿಗ್ಗೆ ಐದೂವರೆ. ಹಳಿಯಾಳದ ಮನೆ. ಹಾಜರಿದ್ದವರು: ಅತ್ತೆ, ನಮ್ಮವರು, ಮಸ್ಕತ್ತಿನಿಂದ ರಜೆಗೆ ಬಂದಿದ್ದ ನನ್ನ ತಮ್ಮ, ನಾನು. ಮಕ್ಕಳಿಬ್ಬರೂ ಮುಂಡಗೋಡದಲ್ಲಿ, ನನ್ನ ತವರುಮನೆಯಲ್ಲಿ.

ನನ್ನ ದಿನಚರಿಯ ಪುಟ ಹೀಗೆ ಆರಂಭವಾಗುತ್ತದೆ. ಎಲ್ಲ ಪುಟಗಳೂ ಹೀಗೆಯೇ ಆರಂಭವಾಗುತ್ತವೆ. ನಾನು ಓದಿದ್ದು ಹಾಸ್ಟೆಲಿನಲ್ಲಿ. ಅಲ್ಲಿ ಏಳುವುದಕ್ಕೊಂದು ಗಂಟೆ, ಉಣ್ಣುವುದಕ್ಕೊಂದು ಗಂಟೆ, ಓದು ನಿಲ್ಲಿಸುವುದಕ್ಕೂ ಒಂದು ಗಂಟೆ. ನೌಕರಿಯ ಮೊದಲ ಎರಡು ವರ್ಷ ಜೊಯಿಡಾದ ಶಾಲೆಯಲ್ಲಿ ಗಣಿತ ಕಲಿಸಿದೆ. ಅಲ್ಲಿಂದ ಊರಿಗೆ ಹೋಗುವ ಬಸ್ಸು ತಪ್ಪಿದರೆ ಮರುದಿನದ ತನಕ ಕಾಯಬೇಕಿತ್ತು. ಹಾಸ್ಟೆಲಿನ ಗಂಟೆ ಬಿಟ್ಟ ಪಾಠವನ್ನು ಆ ಬಸ್ಸು ಪೂರ್ತಿ ಮಾಡಿತು. ಆಮೇಲೆ ಹಳಿಯಾಳಕ್ಕೆ ವರ್ಗವಾಯಿತು, ಮದುವೆಯಾಯಿತು. ಗಂಡ ಸಿಕ್ಕಿದ್ದು ಮಾತ್ರ ಗಡಿಯಾರ ಕಟ್ಟಿಕೊಂಡೂ ನೋಡದವರು. ದಾಂಡೇಲಿಯ ಒಂದು ಕಾರ್ಖಾನೆಯಲ್ಲಿ ಅಳತೆ ಯಂತ್ರಗಳ ರಿಪೇರಿ ಅವರ ಕೆಲಸ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬರುತ್ತಿದ್ದರು.

ಅವರಿಗೆ ಬದುಕಿನಲ್ಲಿ ಒಂದೇ ಒಂದು ಕೊರಗು ಇತ್ತು. ತಾಯಿಯನ್ನು ಚದುರಂಗದಲ್ಲಿ ಒಮ್ಮೆಯೂ ಗೆದ್ದಿರಲಿಲ್ಲ.

ಅತ್ತೆ ತೇರಗಾಂವದವರು. ನಾಲ್ಕನೇ ಇಯತ್ತೆಯವರೆಗೆ ಓದಿದವರು. ಅವರ ತಂದೆ ಕಾಳಿನ ವ್ಯಾಪಾರ ಮಾಡುತ್ತಿದ್ದರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮಗಳನ್ನು ಎದುರಿಗೆ ಕೂರಿಸಿಕೊಂಡು ಆಡಿಸಿ ಬೆಳೆಸಿದ್ದರು. ಬೆಳಿಗ್ಗೆ ಸ್ನಾನ, ಲಿಂಗಪೂಜೆ, ರೊಟ್ಟಿ, ಆಮೇಲೆ ಕಟ್ಟೆಯ ಮೇಲೆ ಚದುರಂಗದ ಹಲಗೆ. ಎದುರಿಗೆ ಯಾರು ಕೂತರೂ ಏಳುವಾಗ ಸೋತೇ ಏಳುತ್ತಿದ್ದರು. ವಾರದ ಸಂತೆಗೆ ಬರುತ್ತಿದ್ದ ಒಬ್ಬ ಸಿದ್ದಿ ರೈತ ಮಾತ್ರ ಅವರಿಗೆ ಸರಿಜೋಡಿ. ಆತನೂ ಬುಟ್ಟಿ ಇಳಿಸಿ ಎರಡು ತಾಸು ಆಡಿ, ಆಟ ಸರಿಸಮ ಮಾಡಿಕೊಂಡು ಎದ್ದದ್ದುಂಟು, ಗೆದ್ದದ್ದಿಲ್ಲ.

ನಮ್ಮವರು ಏಳನೇ ವಯಸ್ಸಿನಿಂದ ಸೋಲುತ್ತ ಬಂದಿದ್ದರು. ಆಗ ಅವರಿಗೆ ಮೂವತ್ತೊಂಬತ್ತು. ತಾನು ಗೆಲ್ಲಲಾರೆ ಎಂದು ಗೊತ್ತಾದ ಮೇಲೆ, ಗೆಲ್ಲುವಂಥದ್ದೊಂದನ್ನು ತಯಾರಿಸಬೇಕೆಂದು ಹೊರಟರು. ಯಾವುದೋ ತಾಂತ್ರಿಕ ಪತ್ರಿಕೆಯಲ್ಲಿ ಕಂಪ್ಯೂಟರಿಗೆ ಚದುರಂಗ ಕಲಿಸುವ ಬಗೆ ಓದಿ, ಎರಡು ವರ್ಷ ಕಾಗದದ ಮೇಲೆಯೇ ಪ್ರೋಗ್ರಾಮು ಬರೆದರು. ಕಂಪ್ಯೂಟರು ಇಲ್ಲದೆ. ಮನೆಯಲ್ಲಿ ನೂರು ಹಾಳೆಯ ಆರು ನೋಟ್‌ಬುಕ್ಕು ತುಂಬಿದವು. ನಿಯಮಗಳೆಲ್ಲ ನಮ್ಮ ಮನೆಯ ಆಟದವು: ಪ್ಯಾದೆ ಒಂದೊಂದೇ ಮನೆ ನಡೆಯಬೇಕು, ರಾಜ ಒಂದೇ ಒಂದು ಸಲ ಕುದುರೆಯಂತೆ ನೆಗೆಯಬಹುದು.

ಆ ವರ್ಷ ಏಪ್ರಿಲಿನಲ್ಲಿ ತಮ್ಮ ರಜೆಗೆ ಬಂದಾಗ ಒಂದು ಸಣ್ಣ ಕಂಪ್ಯೂಟರು ತಂದ. ಮಕ್ಕಳು ಬರೆಯುವ ಪಾಟಿಯಷ್ಟು ಅಗಲದ ಕೀಲಿಮಣೆ, ಅಷ್ಟೇ. ಅದನ್ನು ಟಿ.ವಿ.ಗೆ ಜೋಡಿಸಬೇಕು, ಪ್ರೋಗ್ರಾಮನ್ನು ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿ ಉಳಿಸಬೇಕು. ತಾನು ಮುಂಡಗೋಡದಲ್ಲಿರುವಷ್ಟು ದಿನ ಮಾಮಾ, ಅಂದರೆ ನಮ್ಮವರು, ಇಟ್ಟುಕೊಳ್ಳಲಿ ಎಂದು ನಮ್ಮಲ್ಲಿ ಬಿಟ್ಟು ಹೋದ. ಮೇ ೩೧ರ ಸಂಜೆ ನಾಲ್ಕೂವರೆಯ ಹುಬ್ಬಳ್ಳಿ ಬಸ್ಸಿಗೆ ಅವನೂ ಅದೂ ವಾಪಸು. ಮುಂದಿನ ರಜೆ ಎರಡು ವರ್ಷಕ್ಕೆ.

ನಮ್ಮವರು ಮೂರು ವಾರದಲ್ಲಿ ನೋಟ್‌ಬುಕ್ಕುಗಳನ್ನೆಲ್ಲ ಟೈಪು ಮಾಡಿ ತಿದ್ದಿ, ಯಂತ್ರ ಆಡುವಂತೆ ಮಾಡಿದರು. ತಾಯಿಯನ್ನು ಕರೆದು ಕೂರಿಸಿದರು. ಆ ಮೊದಲ ಪ್ರಯೋಗ ಹದಿನಾಲ್ಕು ನಿಮಿಷದಲ್ಲಿ ಮುಗಿಯಿತು.

ಪರದೆಯ ಮೇಲೆ ಇಂಗ್ಲಿಷಿನ ಒಂದು ಪ್ರಶ್ನೆ. ಅದಕ್ಕೆ ಇಂಗ್ಲಿಷ್ ಅಕ್ಷರ, ಅಂಕಿ, ಮತ್ತೆ ಅಕ್ಷರ, ಅಂಕಿ ಒತ್ತಿ ಉತ್ತರ ಕೊಡಬೇಕು. ಅರವತ್ನಾಲ್ಕು ಮನೆಗೂ ಒಂದೊಂದು ನಂಬರು. ಅತ್ತೆ ಕೇಳಿ, ಮನೆಗೆ ನಂಬರು ಹಾಕುವುದು ಮುನಸಿಪಾಲಿಟಿಯವರ ಕೆಲಸ ಎಂದರು. ಆದರೂ ಮಗನ ಮುಖ ನೋಡಿ ಕೂತರು. ಅವರು ಹೇಳಿದ್ದನ್ನು ನಮ್ಮವರು ಒತ್ತಿದರು. ಮೂರನೇ ನಡೆಗೆ ಇವರೇ ಗಡಿಬಿಡಿಯಲ್ಲಿ ತಪ್ಪು ಕೀಲಿ ಒತ್ತಿದರು. ಪರದೆಯಲ್ಲಿ ದೊಡ್ಡ ಇಂಗ್ಲಿಷ್ ಅಕ್ಷರ ಮೂಡಿದವು. ಏನೆಂದು ಅತ್ತೆ ಕೇಳಿದರು. ನಮ್ಮವರಿಗೆ ಸುಳ್ಳು ಹೇಳಲು ಬಾರದು.

"ನಡಿ ಕಾಯದೇಶೀರ ಅಲ್ಲ ಅಂತ ಬಂದೈತವ್ವ."

ಅತ್ತೆ ಸೆರಗು ಸರಿಪಡಿಸಿಕೊಂಡು ಎದ್ದರು.

"ಐವತ್ತ ವರ್ಷ ಆಡೇನಿ. ನಿನ್ನ ಪೆಟಗಿ ನನಗ ಕಾಯದೆ ಹೇಳತೈತಿ. ಮೊದಲ ಹಿರೇರ ಜೋಡಿ ಹೆಂಗ ಮಾತಾಡಬೇಕು ಅನ್ನೂದು ಕಲಸು, ಆಮ್ಯಾಲ ಆಟ ಕಲಸು."

ಅಡುಗೆಮನೆಗೆ ಹೋದರು. ಅದಾದ ಮೇಲೆ ನಮ್ಮವರು ಎಷ್ಟು ಕರೆದರೂ ಬರಲಿಲ್ಲ. ಕೊನೆಗೆ ಒಂದು ಷರತ್ತು ಹಾಕಿದರು. ಕಾಯಿಗಳನ್ನು ತಾವು ಹೇಳುವ ಹಾಗೆಯೇ ಅದು ಕೇಳಿಸಿಕೊಳ್ಳಬೇಕು. ನಡುವೆ ಯಾರೂ ಕೂತು ಒತ್ತಬಾರದು. ಮಗ ಒತ್ತಿದರೆ ಅದು ಮಗನ ಜೋಡಿ ಆಟ, ಸೊಸೆ ಒತ್ತಿದರೆ ಸೊಸೆಯ ಜೋಡಿ ಆಟ. ಹಾಗೆ ಮಾಡಿದರೆ ಒಂದು ಆಟ ಆಡುವೆ, ಒಂದೇ.

ನಮ್ಮವರು ಎರಡು ದಿನ ಮಂಕಾಗಿ ಕೂತರು. ಉಳಿದದ್ದು ಹತ್ತೊಂಬತ್ತು ದಿನ. ನಾನು ಹೇಳಿದೆ, ತಲೆ ನಿಮ್ಮದಿರಲಿ, ಬಾಯಿ ಕಿವಿ ನನಗೆ ಬಿಡಿ ಎಂದು. ಅವರು, ಮನೆಯಲ್ಲಿ ಈಗ ಇರುವ ಪದ್ಧತಿಯೇ ಅದಲ್ಲವೇ ಎಂದರು. ಆ ದಿನ ಅವರಿಗೆ ಎರಡನೇ ಸಲ ಚಹ ಸಿಗಲಿಲ್ಲ.

ಶಾಲೆಗೆ ಬೇಸಿಗೆ ರಜೆ. ನಾನು ವೇಳಾಪಟ್ಟಿ ಹಾಕಿದೆ. ಆರರಿಂದ ಎಂಟು ಮನೆಕೆಲಸ, ಹತ್ತರಿಂದ ಒಂದು ಯಂತ್ರ, ಎರಡರಿಂದ ನಾಲ್ಕು ಮತ್ತೆ ಯಂತ್ರ. ಮೊದಲ ವಾರ ಯಂತ್ರಕ್ಕೆ ಅಪ್ಪಣೆ ಕೊಡುವ ಭಾಷೆಯನ್ನು ಕಲಿತೆ. ಒಂದೊಂದು ಸಾಲಿಗೂ ನಂಬರು, ನಂಬರಿನ ಕ್ರಮದಲ್ಲಿ ಕೆಲಸ. ಗಣಿತದ ಶಿಕ್ಷಕಿಗೆ ಇದಕ್ಕಿಂತ ಹಿಡಿಸುವ ಭಾಷೆ ಬೇರೆ ಇಲ್ಲ. ಮಕ್ಕಳಂತೆ ಅದು ಹಿಂದಿನ ಬೆಂಚಿನಿಂದ ಉತ್ತರ ಕೊಡುವುದಿಲ್ಲ.

ಆಮೇಲೆ ಕಟ್ಟೆಯ ಮೇಲೆ ಕೂತು ಅತ್ತೆ ಆಡುವಾಗ ಅವರ ಬಾಯಿಂದ ಬರುವುದನ್ನು ಬರೆದುಕೊಂಡೆ. ಅವರು ಮನೆಗಳನ್ನು ನಂಬರಿನಿಂದ ಕರೆಯುವುದಿಲ್ಲ, ಮಾಲೀಕರಿಂದ ಕರೆಯುತ್ತಾರೆ. ರಾಜ ನಿಂತ ಸಾಲು ಮೇಲಿನವರೆಗೂ ರಾಜನದು, ವಜೀರ ನಿಂತದ್ದು ವಜೀರನದು. "ಪ್ಯಾದಿ, ರಾಜನ ಸಾಲು, ನಾಕು" ಎಂದರೆ ಆ ಸಾಲಿನ ನಾಲ್ಕನೇ ಮನೆಗೆ ಪ್ಯಾದೆ ಹೋಯಿತು. ಆನೆ, ಒಂಟೆ, ಕುದುರೆ ಎರಡೆರಡು ಇರುವುದರಿಂದ ಎಡ, ಬಲ ಎಂದು ಸೇರಿಸುತ್ತಾರೆ. ಅಷ್ಟೇ. ಎಂಟು ಮಾತು ಮತ್ತು ಎಂಟು ಅಂಕಿಯಲ್ಲಿ ಅವರ ಇಡೀ ಯುದ್ಧ ಮುಗಿಯುತ್ತಿತ್ತು.

ಹಾಗಾದರೆ ಹದಿನಾರು ಕೀಲಿ ಸಾಕು. ಅಂಕಿಗಳು ಅವರಿಗೆ ಓದಲು ಬರುತ್ತಿದ್ದವು. ಉಳಿದ ಎಂಟು ಕೀಲಿಗಳ ಮೇಲೆ ಸಣ್ಣ ಕಾಗದ ಕತ್ತರಿಸಿ, ಕನ್ನಡ ಬರೆದು, ಗೋಂದು ಹಚ್ಚಿ ಅಂಟಿಸಿದೆ. ರಾ, ವ, ಆ, ಒಂ, ಕು, ಪ್ಯಾ, ಎ, ಬ. ಕೊನೆಗೆ ನಡೆ ಒಪ್ಪಿಸಲು ಇನ್ನೊಂದು ಕೀಲಿ. ಅದರ ಮೇಲೆ "ಹೂಂ" ಎಂದು ಬರೆದೆ. ಒತ್ತಿದ್ದನ್ನು ಯಂತ್ರ ಮೊದಲು ತಿರುಗಿ ತೋರಿಸಬೇಕು, ಅತ್ತೆ ಓದಿ ಹೂಂ ಅನ್ನಬೇಕು, ಆಮೇಲೆ ನಡೆ. ನಾನು ತರಗತಿಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿ ಬರೆಸುವ ಪದ್ಧತಿಯೇ ಇದು. ಹೂಂ ಆದ ಮೇಲೆ ವಾಪಸಿಲ್ಲ. ನಮ್ಮವರು ಒಂದು ನಡೆ ಹಿಂದೆ ತೆಗೆದುಕೊಳ್ಳುವ ಸೌಕರ್ಯವೂ ಇರಲಿ ಎಂದರು. ಅತ್ತೆಯನ್ನು ಕೇಳಿದೆ. ಮುಟ್ಟಿದ ಕಾಯಿ ನಡೆಸಲೇಬೇಕು, ಹಿಂದೆ ತೆಗೆದುಕೊಳ್ಳುವುದು ಅವನು ಸಣ್ಣವನಿದ್ದಾಗ ಅತ್ತು ಮಾಡಿಸಿಕೊಳ್ಳುತ್ತಿದ್ದ ರೂಢಿ ಎಂದರು. ಆ ಸೌಕರ್ಯ ಬಿಟ್ಟೆ.

ಕಷ್ಟವಾದದ್ದು ಯಂತ್ರ ತಿರುಗಿ ಆಡುವ ಮಾತು. ಅದಕ್ಕೆ ಕನ್ನಡ ಗೊತ್ತಿಲ್ಲ. ಆದರೆ ನಾವೇ ಬರೆದು ಕೊಟ್ಟ ಇಪ್ಪತ್ತೊಂದು ಆಕಾರಗಳನ್ನು ಅದು ನೆನಪಿಟ್ಟುಕೊಳ್ಳುತ್ತಿತ್ತು. ಒಂದೊಂದು ಆಕಾರಕ್ಕೂ ಅಡ್ಡ ಎಂಟು, ಉದ್ದ ಎಂಟು ಚುಕ್ಕೆಯ ಒಂದು ಚೌಕ. ಮಕ್ಕಳ ಚೌಕಳಿ ನೋಟ್‌ಬುಕ್ಕಿನಲ್ಲಿ ಪೆನ್ಸಿಲು ಹಿಡಿದು ಕೂತೆ. ಕನ್ನಡದಂಥ ದುಂಡಗಿನ ಅಕ್ಷರವನ್ನು ಅರವತ್ನಾಲ್ಕು ಚುಕ್ಕೆಯಲ್ಲಿ ಕೂರಿಸುವುದೆಂದರೆ ತುಂಬಿದ ಬಸ್ಸಿನಲ್ಲಿ ಹಲಸಿನಹಣ್ಣು ಹಿಡಿದು ನಿಂತಂತೆ. "ಮ್ಮ" ಒಂದಕ್ಕೇ ಮೂರು ಮಧ್ಯಾಹ್ನ ಹೋಯಿತು.

ಇಪ್ಪತ್ತೊಂದರಲ್ಲಿ ಕಾಯಿಗಳಿಗೂ ಎಡಬಲಕ್ಕೂ ಎಂಟು ಹೋದವು. ಉಳಿದದ್ದು ಹದಿಮೂರು. ಅಷ್ಟರಲ್ಲಿ ಯಂತ್ರದ ಮಾತೆಲ್ಲ ಮುಗಿಯಬೇಕು. ಮೊದಲ ಮಾತು, ನಡೆ ಕೇಳುವುದು: "ಹೇಳ್ರಿ." ಎರಡನೆಯದು, ಆಗದ ನಡೆ ಒತ್ತಿದಾಗ: "ಆಗೂದಿಲ್ರಿ." ತಪ್ಪು ಎನ್ನುವ ಶಬ್ದ ಎಲ್ಲಿಯೂ ಬರಕೂಡದು ಎಂದು ನನಗೆ ನಾನೇ ಕಟ್ಟಳೆ ಹಾಕಿಕೊಂಡಿದ್ದೆ. ಅಂಗಡಿಯ ಶೆಟ್ಟರು ಉದ್ರಿ ಕೊಡುವುದಿಲ್ಲ ಎನ್ನುವಾಗಲೂ ಎಷ್ಟು ಮೆತ್ತಗೆ ಆಗೂದಿಲ್ರಿ ಎನ್ನುತ್ತಾರೋ ಹಾಗೆ. ಮೂರನೆಯದು, ರಾಜನಿಗೆ ಹೊಡೆತ ಬಿದ್ದಾಗ "ಶಹ." ನಾಲ್ಕನೆಯದು, ಆಟ ಮುಗಿದಾಗ "ನಿಮ್ಮ ಆಟ." "ಹೇ", "ಗೂ" ಒಂದು ಚೌಕದಲ್ಲಿ ಹಿಡಿಯದೆ ಎರಡೆರಡು ಬೇಡಿದವು. ಎಲ್ಲ ಸೇರಿ ಇಪ್ಪತ್ತು ಚೌಕ. ಒಂದು ಉಳಿಯಿತು. ಅದರಲ್ಲಿ ಐದೆಸಳಿನ ಒಂದು ಹೂ ಬರೆದು, ಮಾತಿನ ಎಡಕ್ಕೂ ಬಲಕ್ಕೂ ಇಟ್ಟೆ. ಮದುವೆಯಾದ ಇಷ್ಟು ವರ್ಷದಲ್ಲಿ ನಾನು ಮಾಡಿದ ಒಂದೇ ಒಂದು ಅನಾವಶ್ಯಕ ಕೆಲಸ ಇದೆಂದು ನಮ್ಮವರು ಅದನ್ನೇ ಬಹಳ ಹೊತ್ತು ನೋಡಿದರು.

ಒಂದು ಉದ್ದ ತಖ್ತೆ ಮಾಡಿದ್ದೆ. ಹದಿಮೂರು ಸಾಲು. ಎಡಕ್ಕೆ: ಏನಾದರೆ; ನಡುವೆ: ಯಂತ್ರ ಏನು ಹೇಳಬೇಕು; ಬಲಕ್ಕೆ: ಪರೀಕ್ಷಿಸಿದೆ ಎಂಬ ಗುರುತು. ಎರಡೂ ಕುದುರೆ ಒಂದೇ ಮನೆಗೆ ಹೋಗಬಹುದಾದರೆ "ಎ? ಬ?" ಎಂದು ಕೇಳಬೇಕು. ಖಾಲಿ ಹೂಂ ಒತ್ತಿದರೆ ಸುಮ್ಮನೆ ಮತ್ತೆ "ಹೇಳ್ರಿ" ಅನ್ನಬೇಕು. ಕರೆಂಟು ಹೋದರೆ ಯಂತ್ರ ಎಲ್ಲ ಮರೆಯುತ್ತದೆ, ಆದ್ದರಿಂದ ಆಟವನ್ನು ನಿಂತಲ್ಲಿಂದ ಮತ್ತೆ ಇಡುವುದಕ್ಕೂ ಒಂದು ದಾರಿ. ಶುಕ್ರವಾರ ಸಂಜೆ ಹದಿಮೂರೂ ಸಾಲಿಗೆ ಗುರುತು ಬಿತ್ತು. ನನಗೆ ಆಡಲು ಅಷ್ಟಾಗಿ ಬಾರದು. ಸಾಲಿನ ಪ್ರಕಾರ ಒಂದೊಂದು ಒತ್ತಿ, ಉತ್ತರ ಸರಿ ಬಂದರೆ ಗುರುತು ಹಾಕಿದೆ. ತಲೆಯ ಪರೀಕ್ಷೆಯನ್ನು ನಮ್ಮವರು ತಮ್ಮ ಹಳೆಯ ಇಂಗ್ಲಿಷ್ ಬಾಯಿಯಿಂದಲೇ ಮಾಡಿ ಮುಗಿಸಿದ್ದರು.

ಇನ್ನು ಭಾನುವಾರಕ್ಕೆ ಬರುತ್ತೇನೆ.

ಬೆಳಿಗ್ಗೆ ಟಿ.ವಿ. ನಮ್ಮದಲ್ಲ, ಓಣಿಯದು. ಒಂಬತ್ತೂವರೆಯ ಧಾರಾವಾಹಿಗೆ ಇಪ್ಪತ್ತು ಜನ ಬಂದು ಕೂತು, ನೋಡಿ, ಕೈಮುಗಿದು ಹೋಗುವ ತನಕ ಕಂಪ್ಯೂಟರಿಗೆ ಜಾಗವಿಲ್ಲ. ಹತ್ತೂ ಇಪ್ಪತ್ತಕ್ಕೆ ಚಾಪೆ ಕೊಡವಿ ವೈರು ಜೋಡಿಸಿದೆವು. ಕ್ಯಾಸೆಟ್ಟು ಐದು ನಿಮಿಷ ಕೀರಲು ದನಿಯಲ್ಲಿ ಕೂಗಿತು. ಅತ್ತೆ ಕಟ್ಟೆಯ ಮೇಲಿನ ಹಲಗೆಯನ್ನು ಒಳಗೆ ತಂದು ಟಿ.ವಿ. ಮುಂದೆ ಹಾಸಿ, ಎರಡೂ ಕಡೆಯ ಕಾಯಿ ಹೂಡಿದರು. ಪರದೆಯಲ್ಲಿ ಹಲಗೆಯ ಚಿತ್ರ ಇರಲಿಲ್ಲ. ತಲೆಗೂ ಬಾಯಿಗೂ ಜಾಗ ಕೊಟ್ಟು ಚಿತ್ರಕ್ಕೆ ಉಳಿದಿರಲಿಲ್ಲ. ಒಂದೊಂದು ಸಾಲು ಮಾತು ಮಾತ್ರ. ಅದನ್ನು ಓದಿ ಯಂತ್ರದ ಕಾಯಿಯನ್ನೂ ಅತ್ತೆಯೇ ನಡೆಸಬೇಕು.

ಪರದೆಯಲ್ಲಿ ಹೂ, ಹೇಳ್ರಿ, ಹೂ.

ಅತ್ತೆ ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ಓದಿದರು. ಹಿಂದೆ ಸರಿದು ಕೂತರು.

"ಈಗ ಮನಷ್ಯಾರಂಗ ಮಾತಾಡತೈತಿ," ಎಂದರು. ನನ್ನ ಕಡೆಗೆ ನೋಡದೆಯೇ, "ಅಕ್ಕೋರ ಸಾಲ್ಯಾಗ ಕಲತೈತಿ ಅಂತ ಗೊತ್ತಾಗತೈತಿ."

ಅಕ್ಕೋರು ಎಂದರೆ ನಮ್ಮ ಕಡೆ ಶಾಲೆಯ ಶಿಕ್ಷಕಿ. ಸೊಸೆಯನ್ನು ಅತ್ತೆ ಹಾಗೆ ಕರೆದರೆಂದರೆ ಹೊಗಳಿದರೆಂದು ತಿಳಿಯಬೇಕು.

ಹತ್ತೂ ನಲವತ್ತಕ್ಕೆ ಮೊದಲ ನಡೆ. ಪ್ಯಾ, ರಾ, ಮೂರು. ಹೂಂ. ನಾನು ಪಕ್ಕದಲ್ಲಿ ಕೂತು ಪ್ರತಿ ನಡೆಯನ್ನೂ ವೇಳೆಯ ಸಮೇತ ಬರೆದುಕೊಂಡೆ. ನಮ್ಮವರು ಬಾಗಿಲ ಹತ್ತಿರ ನಿಂತರು, ಕೂತರು, ಮತ್ತೆ ನಿಂತರು. ಯಂತ್ರ ಒಂದು ನಡೆಗೆ ಮೂರರಿಂದ ಐದು ನಿಮಿಷ ಯೋಚಿಸುತ್ತಿತ್ತು. ಆ ಹೊತ್ತಿನಲ್ಲಿ ಅತ್ತೆ ಮೊರದಲ್ಲಿ ಅಕ್ಕಿ ಹಾಕಿಕೊಂಡು ನೆಲ್ಲು ಆರಿಸಿದರು. ಅಕ್ಕಿ ಮುಗಿಯಿತು, ತೊಗರಿ ಬೇಳೆ ತೆಗೆದುಕೊಂಡರು. ನನ್ನ ತಮ್ಮ ಸಾಮಾನು ಕಟ್ಟುತ್ತ ಓಡಾಡುತ್ತಿದ್ದ. ಮಾಮಾ ಗೆದ್ದರೆ ಹುಬ್ಬಳ್ಳಿಯ ತನಕ ಬಸ್ಸಿನಲ್ಲಿ ನಿಂತೇ ಹೋಗುತ್ತೇನೆ ಎಂದ. ಅತ್ತೆ, ನಿಲ್ಲುವ ಪ್ರಸಂಗ ಬರುವುದಿಲ್ಲ, ಆರಾಮಾಗಿ ಕೂತು ಹೋಗು ಎಂದರು.

ಹದಿಮೂರನೇ ನಡೆಗೆ ಅತ್ತೆ ರಾಜನ ಕುದುರೆ ನೆಗೆತ ಮಾಡಿದರು. ಯಂತ್ರ "ಆಗೂದಿಲ್ರಿ" ಎನ್ನದೆ ಒಪ್ಪಿಕೊಂಡಿತು. ಅತ್ತೆ ಮಗನ ಕಡೆ ನೋಡಿ ತಲೆಯಾಡಿಸಿದರು. ನಮ್ಮವರ ಕಿವಿ ಕೆಂಪಾಯಿತು.

ಒಂದಕ್ಕೆ ಐದು ನಿಮಿಷವಿದ್ದಾಗ ಮೋಡ ಗುಡುಗಿ ಕರೆಂಟು ಹೋಯಿತು. ಪರದೆ ಕಪ್ಪು. ನಮ್ಮವರು ಗೋಡೆಗೆ ಒರಗಿ ನೆಲಕ್ಕೆ ಕುಸಿದು ಕೂತರು. ನಾನು ಊಟಕ್ಕೆ ಎಲೆ ಹಾಕಿದೆ. ಹಲಗೆ ಇದ್ದಂತೆಯೇ ಇತ್ತು, ನಡೆಗಳು ನನ್ನ ಪುಸ್ತಕದಲ್ಲಿದ್ದವು, ಇದಕ್ಕಾಗಿಯೇ ಹನ್ನೊಂದನೇ ಸಾಲು ಬರೆದಿದ್ದೆ. ಒಂದೂ ಐವತ್ತಕ್ಕೆ ಕರೆಂಟು ಬಂತು. ಮತ್ತೆ ಕ್ಯಾಸೆಟ್ಟು, ಮತ್ತೆ ಐದು ನಿಮಿಷ. ಅತ್ತೆಯ ಕಾಯಿ, ಯಂತ್ರದ ಕಾಯಿ ಒಂದೊಂದಾಗಿ ಇಟ್ಟು, ಎರಡು ಸಲ ತಾಳೆ ನೋಡಿ, ಎರಡೂ ಐದಕ್ಕೆ ಆಟ ನಿಂತಲ್ಲಿಂದ ಮುಂದುವರಿಯಿತು.

ಎರಡೂಮುಕ್ಕಾಲಕ್ಕೆ ಆಟ ಮುಗಿದ ಹಾಗೆಯೇ ಕಂಡಿತು. ಯಂತ್ರದ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದಿದ್ದ. ನನ್ನಂಥವಳಿಗೂ ಕಾಣುವಂತೆ ಅತ್ತೆಯ ವಜೀರ ಒಂದೇ ನಡೆಯಲ್ಲಿ ಮಾತ್ ಮಾಡಿ ಆಟ ಮುಗಿಸಬಹುದಿತ್ತು. ನಮ್ಮವರು ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡತೊಡಗಿದರು.

ಅತ್ತೆಯ ಕೈ ವಜೀರನ ಮೇಲೆ ಹೋಗಲಿಲ್ಲ. ನಮ್ಮ ಕಡೆಯ ಹಳೆಯ ಆಟಗಾರರಲ್ಲಿ ಒಂದು ರೂಢಿ ಇದೆ. ವಜೀರನಿಂದ ಮಾತ್ ಮಾಡುವುದು ಸಾಧಾರಣ ಗೆಲುವು. ಪ್ಯಾದೆಯಿಂದ ಮಾಡುವುದು ಮರ್ಯಾದೆಯ ಗೆಲುವು. ಅವರ ಒಂದು ಪ್ಯಾದೆ ಆ ರಾಜನಿಂದ ಎರಡೇ ನಡೆ ದೂರದಲ್ಲಿತ್ತು.

ವಜೀರನೇ ಸಾಕಲ್ಲವೇ, ಬಸ್ಸಿಗೆ ಹೊತ್ತಾಯಿತು ಎಂದು ತಮ್ಮ ಮೆಲ್ಲಗೆ ಹೇಳಿದ.

"ವಜೀರನ ಕಳಸೂದಂದ್ರ ಕಳ್ಳಬೆಕ್ಕಿಗೆ ಪೋಲೀಸರನ್ನ ಕರದಂಗ," ಎಂದರು ಅತ್ತೆ. "ನನ್ನ ಮಗ ಎರಡ ವರ್ಷ ಕುಂತ ಮಾಡ್ಯಾನ. ಮರ್ಯಾದಿಲೆ ಸೋಲಸಬೇಕು."

ಪ್ಯಾ ಒತ್ತಿದರು. ಸಾಲು ಒತ್ತಿದರು. ಆರು. ಹೂಂ.

ಯಂತ್ರ ಈ ಸಲ ನಾಲ್ಕು ನಿಮಿಷವಲ್ಲ, ನಲವತ್ತು ಸೆಕೆಂಡಿನಲ್ಲಿ ಉತ್ತರ ಕೊಟ್ಟಿತು. ಆನೆ, ವಜೀರನ ಸಾಲು, ಎಂಟು. ಅದರ ಲೆಕ್ಕದ ಎಂಟು ಎಂದರೆ ಅತ್ತೆಯ ಕಡೆಯ ಕಟ್ಟಕಡೆಯ ಸಾಲು. ಕೆಳಗೆ "ಶಹ." ಅದರ ಕೆಳಗೆ ಹೂ, ಹೇಳ್ರಿ, ಹೂ.

ಅತ್ತೆ ಆನೆಯನ್ನು ಇಳಿಸಿ ಇಟ್ಟರು. ಅವರ ರಾಜ ಅದೇ ಸಾಲಿನಲ್ಲಿ, ತನ್ನದೇ ಮೂರು ಪ್ಯಾದೆಗಳ ಹಿಂದೆ ಬೆಚ್ಚಗೆ ಕೂತಿದ್ದ.

ರಾಜನನ್ನು ಬಲಕ್ಕೆ ಸರಿಸಿ ಒತ್ತಿದರು. ಆಗೂದಿಲ್ರಿ. ಹೇಳ್ರಿ.

ಎಡಕ್ಕೆ. ಆಗೂದಿಲ್ರಿ. ಹೇಳ್ರಿ.

ಒಂಟೆಯನ್ನು ಅಡ್ಡ ತರಲು ನೋಡಿದರು. ಒಂಟೆ ಅಲ್ಲಿಗೆ ಬರುವುದಿಲ್ಲ. ಆಗೂದಿಲ್ರಿ. ಹೇಳ್ರಿ. ಕುದುರೆಯೂ ಆಗಲಿಲ್ಲ. ರಾಜನ ನೆಗೆತ ಬೆಳಿಗ್ಗೆಯೇ ಖರ್ಚಾಗಿತ್ತು. ಪ್ರತಿ ಸಲವೂ ಯಂತ್ರ ಅಷ್ಟೇ ವಿನಯದಿಂದ, ಎರಡು ಹೂವಿನ ನಡುವೆ, ಹೇಳ್ರಿ ಎಂದು ಕೇಳುತ್ತ ಕೂತಿತು.

ನನಗೆ ಆಗ ಹೊಳೆಯಿತು. ತೊಡೆಯ ಮೇಲಿದ್ದ ತಖ್ತೆಯನ್ನು ತೆರೆದು ಹದಿಮೂರೂ ಸಾಲಿನ ಮೇಲೆ ಬೆರಳಾಡಿಸಿದೆ. ಒಂಬತ್ತನೇ ಸಾಲು: ಯಂತ್ರ ಸೋತರೆ, "ನಿಮ್ಮ ಆಟ." ಯಂತ್ರ ಗೆದ್ದರೆ ಎಂಬ ಸಾಲು ಇರಲಿಲ್ಲ. ಕರೆಂಟು ಹೋದರೆ ಏನು, ಖಾಲಿ ಒತ್ತಿದರೆ ಏನು ಎಂದು ಎಲ್ಲ ಯೋಚಿಸಿದ ನಾನು ಇದೊಂದನ್ನು ಯೋಚಿಸಿರಲೇ ಇಲ್ಲ. ಹತ್ತೊಂಬತ್ತು ದಿನದಲ್ಲಿ ಈ ಮನೆಯ ಯಾರ ತಲೆಗೂ ಬಂದಿರಲಿಲ್ಲ. ಪ್ರೋಗ್ರಾಮು ಬರೆದ ಮಗನೂ ಕೇಳಿರಲಿಲ್ಲ.

ಆ ಮಗ ಈಗ ಹಲಗೆಯ ಪಕ್ಕ ಮೊಣಕಾಲೂರಿ ಕೂತಿದ್ದರು. ಮೂವತ್ತೆರಡು ವರ್ಷ ಕಾದ ಮನುಷ್ಯ ಏನಾದರೂ ಹೇಳಬಹುದೆಂದು ನಾನು ಪೆನ್ಸಿಲು ಹಿಡಿದು ಕಾದೆ. ಅವರು ಹೇಳಿದ್ದು ಇಷ್ಟೇ:

"ತಡಿಯವ್ವಾ, ಗಡಿಬಿಡಿ ಮಾಡಬ್ಯಾಡ. ಇನ್ನೊಂದ ನಡಿ ಇರಬೌದು. ಈ ಪ್ಯಾದಿ ನೋಡಿದೇನು?"

"ನೋಡೇನಿ."

"ವಜೀರ ಹಿಂದ ಬಂದ್ರ?"

"ಬರೂದಿಲ್ಲ. ಅದನ್ನೂ ನೋಡೇನಿ."

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಪರದೆಯನ್ನು ನೋಡಿದರು, ಅದು ಇನ್ನೂ ಹೇಳ್ರಿ ಎನ್ನುತ್ತಿತ್ತು. ಅವರ ಭುಜ ಅಲುಗಲು ಶುರುವಾಯಿತು. ನಗುತ್ತಿದ್ದರು.

"ಪಾಪ, ಇದಕ್ಕ ನೀವು ಸೋತ್ರಿ ಅಂತ ಹಿರೇರಿಗೆ ಹೇಳಾಕ ನಾಚಿಕಿ ಆಗೇತಿ. ಎಷ್ಟ ಹೊತ್ತ ಅಂತ ಕೇಳತಾ ಕುಂದ್ರತೈತಿ." ರಾಜನನ್ನು ಎತ್ತಿ ಹಲಗೆಯ ಮೇಲೆ ಅಡ್ಡ ಮಲಗಿಸಿದರು. "ನಾನ ಹೇಳತೇನಿ. ಸೋತೆ."

ನಮ್ಮವರು ಏಳಲಿಲ್ಲ. ಮಲಗಿದ ರಾಜನನ್ನು ನೋಡುತ್ತ ಕೂತರು. ಅತ್ತೆ ಅವರ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಕೂದಲು ಉದ್ದ ಬಂದಿದೆ, ನಾಳೆ ಕಟಿಂಗ್ ಮಾಡಿಸು ಎಂದರು.

ನಾನು ಗಡಿಯಾರ ನೋಡಿದೆ. ಮೂರೂ ಹತ್ತು. ಯಂತ್ರವನ್ನು ಡಬ್ಬಿಗೆ ಹಾಕಲು ನಾಲ್ಕಕ್ಕೆ ಶುರು ಮಾಡಬೇಕು. ಐವತ್ತು ನಿಮಿಷವಿದೆ. ತಪ್ಪನ್ನು ಒಪ್ಪಿಕೊಂಡೆ: ಒಂದು ಸಾಲು ಬಿಟ್ಟುಹೋಗಿದೆ, ಅದನ್ನು ತುಂಬದೆ ಕ್ಯಾಸೆಟ್ಟು ಕೊಡುವುದಿಲ್ಲ. ತಮ್ಮ, ಅಕ್ಕಾ ಬಿಡು, ಮಸ್ಕತ್ತಿನಲ್ಲಿ ಇದನ್ನು ಯಾರು ನೋಡುತ್ತಾರೆ ಎಂದ. ನಾನು ಪೆನ್ಸಿಲು ಕೈಗೆತ್ತಿಕೊಂಡೆ. ಅತ್ತೆಯನ್ನು ಕೇಳಿದೆ, ಹಿರಿಯರನ್ನು ಸೋಲಿಸಿದ ಮೇಲೆ ಅದು ಏನು ಹೇಳಬೇಕು ಎಂದು.

ಅತ್ತೆ ಕನ್ನಡಕ ಮತ್ತೆ ಹಾಕಿಕೊಂಡರು.

"ಗೆದ್ದೆ ಅನಬಾರದು. ಸೋತ್ರಿ ಅಂತ್ರೂ ಅನ್ನಬಾರದು. ನಮ್ಮಪ್ಪ ನನ್ನ ಸೋಲಿಸಿದ ಮ್ಯಾಲ ಒಂದ ಮಾತ ಅಂತಿದ್ದ, ಒಳಗ ಹೋಗಿ ಚಾ ಹೇಳವಾ ಅಂತ. ಅಷ್ಟ ಅನ್ನಲಿ."

ಹೇಳ್ರಿ ಎಂಬುದು ಯಂತ್ರದ ಬಾಯಲ್ಲಿ ಇದ್ದೇ ಇತ್ತು. "ಚಾ" ಇರಲಿಲ್ಲ. ಇಪ್ಪತ್ತೊಂದು ಚೌಕವೂ ತುಂಬಿತ್ತು. ಹೂವನ್ನು ಅಳಿಸಿದೆ. ಚೌಕಳಿ ಪುಸ್ತಕದಲ್ಲಿ ಎಂಟು ಸಾಲಿನ ಲೆಕ್ಕ ಹಾಕಿ ಆ ಜಾಗದಲ್ಲಿ "ಚಾ" ಬರೆದೆ. ಇಪ್ಪತ್ತೆರಡು ನಿಮಿಷ ಹಿಡಿಯಿತು. ರಾಜನಿಗೆ ಹೊಡೆತ ಬಿದ್ದು, ಎಲ್ಲ ಕಾಯಿಗಳನ್ನೂ ನಡೆಸಿ ನೋಡಿ, ಒಂದು ನಡೆಯೂ ಉಳಿಯದಿದ್ದರೆ ಈ ಮಾತು ಹೇಳು ಎಂದು ಏಳು ಸಾಲು ಸೇರಿಸಿದೆ. ಆಟ ಯಂತ್ರದ ನೆನಪಿನಲ್ಲಿ ಹಾಗೆಯೇ ಇತ್ತು. ನಿಂತಲ್ಲಿಂದ ಓಡಿಸಿದೆ.

ಚಾ ಹೇಳ್ರಿ.

ಅತ್ತೆ ಓದಿ ಮಗನ ಕಡೆ ತಿರುಗಿದರು.

"ಕಣ್ಣ ಕಾಣಸೂದಿಲ್ಲೇನು? ಗೆದ್ದಾಂವ ನೀನ. ಮಾಡು ಹೋಗು."

ನಮ್ಮವರು ಅಡುಗೆಮನೆಗೆ ಹೋದರು. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಒಮ್ಮೆ, ಹಾಲು ಎಷ್ಟು ಎಂದು ಒಮ್ಮೆ, ಸೋಸುವುದು ಯಾವುದರಲ್ಲಿ ಎಂದು ಒಮ್ಮೆ ಕೂಗಿ ಕೇಳಿದರು. ಚಹ ಪಾಯಸದಂತೆ ಸಿಹಿಯಾಗಿತ್ತು. ನಾಲ್ವರೂ ಕುಡಿದೆವು. ಅತ್ತೆ ಎರಡನೇ ಕಪ್ಪು ಕೇಳಿ ಹಾಕಿಸಿಕೊಂಡರು.

ಮೂರೂ ಐವತ್ತೈದಕ್ಕೆ ಕ್ಯಾಸೆಟ್ಟಿನ ಎರಡು ಪ್ರತಿ ತೆಗೆದು, ಎರಡನ್ನೂ ಯಂತ್ರಕ್ಕೆ ತಿರುಗಿ ಓದಿಸಿ ಸರಿಯಿವೆ ಎಂದು ನೋಡಿ, ಒಂದನ್ನು ತಮ್ಮನಿಗೆ ಕೊಟ್ಟೆ, ಒಂದನ್ನು ನನ್ನ ಕಪಾಟಿನಲ್ಲಿ ಇಟ್ಟೆ. ಕೀಲಿಗಳ ಮೇಲಿನ ಕಾಗದ ಕೀಳಲು ಹೋದಾಗ ತಮ್ಮ ಬೇಡವೆಂದ. ಹಾಗೆಯೇ ಡಬ್ಬಿಗೆ ಹಾಕಿ, ಹಳೆಯ ದುಪ್ಪಟಿ ಸುತ್ತಿ, ಹಗ್ಗ ಬಿಗಿದೆ. ಬಸ್ಸು ನಾಲ್ಕೂವರೆಗೆ ಬರಬೇಕಾದದ್ದು ನಾಲ್ಕೂ ನಲವತ್ತಕ್ಕೆ ಬಂತು. ಕೂರಲು ಜಾಗವಿತ್ತು. ಆದರೂ ಮಾತು ಕೊಟ್ಟಿದ್ದ ನನ್ನ ತಮ್ಮ, ಡಬ್ಬಿಯನ್ನು ಸೀಟಿನ ಮೇಲೆ ಕೂರಿಸಿ ತಾನು ಪಕ್ಕದಲ್ಲಿ ನಿಂತ. ಕಂಡಕ್ಟರು ಏನೋ ಕೇಳುತ್ತಿದ್ದ, ಅಷ್ಟರಲ್ಲಿ ಬಸ್ಸು ಹೊರಟಿತು.

ನಾವು ಮನೆಗೆ ಬಂದಾಗ ಐದೂ ಐದು. ಅತ್ತೆ ಹಲಗೆಯನ್ನು ಮತ್ತೆ ಕಟ್ಟೆಗೆ ಒಯ್ದು, ಕಾಯಿ ಹೂಡಿ, ಕಂಬಕ್ಕೆ ಒರಗಿ ಕೂತಿದ್ದರು. ಪೆಟ್ಟಿಗೆಯ ಆಟ ಮುಗಿಯಿತು, ಇನ್ನು ಅದನ್ನು ಮಾಡಿದವನು ಬಂದು ಕೂರಲಿ ಎಂದರು. ನಮ್ಮವರು ಚಪ್ಪಲಿ ಬಿಟ್ಟು ಕೂತರು. ಆರೂ ಹತ್ತಕ್ಕೆ ಸೋತರು. ಪ್ಯಾದೆಯಿಂದಲ್ಲ. ವಜೀರನಿಂದ, ಸಾಧಾರಣವಾಗಿ.

ಮರುದಿನ ಶಾಲೆ ಶುರು. ಪಾಠದ ಟಿಪ್ಪಣಿ ಜೋಡಿಸಿ ಚೀಲದಲ್ಲಿಟ್ಟೆ. ಆಮೇಲೆ ತಖ್ತೆ ತೆಗೆದು, ಕೆಂಪು ಮಸಿಯಿಂದ ಕೆಳಗೆ ಒಂದು ಗೆರೆ ಎಳೆದು, ಹದಿನಾಲ್ಕನೇ ಸಾಲು ಬರೆದೆ. ಯಂತ್ರ ಗೆದ್ದರೆ: "ಚಾ ಹೇಳ್ರಿ." ಬಲಕ್ಕೆ, ಪರೀಕ್ಷಿಸಿದೆ ಎಂಬ ಗುರುತು ಹಾಕಿ, ಪೆನ್ನಿನ ಟೋಪಿ ಮುಚ್ಚಿದೆ.